ಕಟಿಂಗ್ ಚಹಾ, ಡಬ್ಬಿ ಜ್ಯೂಸು ಮತ್ತು ಕುಡಿಯದೆ ಉಳಿದ ನೀರು

ಮುಂಬಯಿಯ ಕನ್ನಡ ಸಂಘಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ವೈದ್ಯರ ಮಾತು ಮುಗಿದ ಮೇಲೆ ಹಿರಿಯರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಚಹಾ ಒಳ್ಳೆಯದೋ, ಕಾಫಿ ಒಳ್ಳೆಯದೋ? ಗ್ರೀನ್ ಟೀ ಕುಡಿದರೆ ಪಾರ್ಶ್ವವಾಯು ಬರುವುದಿಲ್ಲವಂತೆ, ಹೌದೇ? ಈ ಪ್ರಶ್ನೆಯ ಹಿಂದೆ ಭಯವಿದೆ. ಕೇಳುವವರಲ್ಲಿ ಹೆಚ್ಚಿನವರು ತಮ್ಮ ಕಟ್ಟಡದಲ್ಲೋ ನೆಂಟರಲ್ಲೋ ಒಂದು ಕೈ, ಒಂದು ಕಾಲು ಸ್ವಾಧೀನ ತಪ್ಪಿ ಮಲಗಿದವರನ್ನು ನೋಡಿ ಬಂದವರು. ಲಿಫ್ಟ್ ಇಲ್ಲದ ಮೂರನೆಯ ಮಾಳಿಗೆಯಲ್ಲಿ, ಒಂದೇ ಕೋಣೆಯ ಮನೆಯಲ್ಲಿ ಹಾಗೆ ಮಲಗಿದರೆ ಮನೆಯವರೆಲ್ಲರ ಬದುಕು ಏನಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಭಯಕ್ಕೆ ಆಧಾರವೂ ಇದೆ. ಹಿರಿಯ ನರರೋಗ ತಜ್ಞ ಡಾ. ಪಿ. ಎಂ. ದಲಾಲ್ ಅವರ ನೇತೃತ್ವದಲ್ಲಿ 2005 ಮತ್ತು 2006ರಲ್ಲಿ ನಡೆದ ಮುಂಬಯಿ ಪಾರ್ಶ್ವವಾಯು ನೋಂದಣಿ ಅಧ್ಯಯನವು ನಗರದ ಸುಮಾರು ಒಂದೂವರೆ ಲಕ್ಷ ಜನರ ನಡುವೆ ಎರಡು ವರ್ಷಗಳಲ್ಲಿ 456 ಪ್ರಕರಣಗಳನ್ನು ಗುರುತಿಸಿತು. ಅಂದರೆ ವರ್ಷಕ್ಕೆ ಲಕ್ಷಕ್ಕೆ 145ರಷ್ಟು. ರೋಗಿಗಳ ಸರಾಸರಿ ವಯಸ್ಸು 66. ಅವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಅಧಿಕ ರಕ್ತದೊತ್ತಡ (ಬಿಪಿ) ಇತ್ತು. ನೂರರಲ್ಲಿ ಸುಮಾರು ಮೂವತ್ತು ಮಂದಿ 28 ದಿನಗಳೊಳಗೆ ತೀರಿಕೊಂಡರು. ಮುಂದೆ 2021ರಲ್ಲಿ ಮಹಾನಗರಪಾಲಿಕೆಯು ವಿಶ್ವ ಆರೋಗ್ಯ ಸಂಸ್ಥೆಯ ಮಾದರಿಯಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಮುಂಬಯಿಯ ವಯಸ್ಕರಲ್ಲಿ ಮೂವರಲ್ಲಿ ಒಬ್ಬರಿಗೆ ಬಿಪಿ ಇರುವುದು ಕಂಡುಬಂತು. ಬಿಪಿಯ ಈ ಮಾತನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಯಾವ ಪಾನೀಯದ ಗುಣದೋಷ ಹೇಳುವಾಗಲೂ ಕೊನೆಗೆ ಅಲ್ಲಿಗೇ ಬಂದು ಮುಟ್ಟುತ್ತೇವೆ.

ಮೊದಲು ಚಹಾದ ವಿಷಯ. ‘ಇಂಟರ್‌ಸ್ಟ್ರೋಕ್’ ಎಂಬ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನ ಇದೆ. ಭಾರತವೂ ಸೇರಿದಂತೆ ಹಲವು ದೇಶಗಳ ಸುಮಾರು 27,000 ಜನರನ್ನು, ಪಾರ್ಶ್ವವಾಯು ಆದವರು ಮತ್ತು ಆಗದವರು ಎಂದು ಎರಡು ಗುಂಪು ಮಾಡಿ, ಅವರ ದಿನನಿತ್ಯದ ಅಭ್ಯಾಸಗಳನ್ನು ಅದು ಹೋಲಿಸಿ ನೋಡಿತು. ಇದರಲ್ಲಿ ಪಾನೀಯಗಳ ಲೆಕ್ಕ ಪ್ರಕಟವಾದದ್ದು 2024ರಲ್ಲಿ, ಐರ್ಲೆಂಡಿನ ಗಾಲ್ವೆ ವಿಶ್ವವಿದ್ಯಾಲಯದ ಆಂಡ್ರ್ಯೂ ಸ್ಮಿತ್ ಮತ್ತು ಸಂಗಡಿಗರಿಂದ. ದಿನಕ್ಕೆ ಮೂರು ನಾಲ್ಕು ಕಪ್ ಬ್ಲ್ಯಾಕ್ ಟೀ ಕುಡಿಯುವವರಲ್ಲಿ ಪಾರ್ಶ್ವವಾಯು ಶೇ. 29ರಷ್ಟು ಕಡಿಮೆ ಕಂಡಿತು. ಈ ಸುದ್ದಿ ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿತು. ಆದರೆ ಅದರ ಜೊತೆಯಲ್ಲೇ ಇದ್ದ ಎರಡು ಮಾತುಗಳು ಓಡಾಡಲಿಲ್ಲ. ಚಹಾಕ್ಕೆ ಹಾಲು ಹಾಕುವವರಲ್ಲಿ ಆ ಪ್ರಯೋಜನ ಕಾಣಲಿಲ್ಲ ಎಂಬುದು ಒಂದು. ಚೀನಾದಲ್ಲೂ ದಕ್ಷಿಣ ಅಮೆರಿಕದಲ್ಲೂ ಚಹಾ ಕುಡಿಯುವವರಿಗೆ ಅಪಾಯ ಕಡಿಮೆ ಇದ್ದರೆ, ದಕ್ಷಿಣ ಏಷ್ಯಾದಲ್ಲಿ ಅದು ಹೆಚ್ಚಾಗಿಯೇ ಕಂಡಿತು ಎಂಬುದು ಇನ್ನೊಂದು.

ಅದೇ ಗಿಡದ ಎಲೆ, ಅಲ್ಲಿ ಒಂದು ಫಲ, ಇಲ್ಲಿ ಇನ್ನೊಂದು ಫಲ. ಏಕೆ? ಇಂಥ ಅಧ್ಯಯನದಿಂದ ಕಾರಣ ಇದೇ ಎಂದು ಸಾಧಿಸಿ ಹೇಳಲಾಗದು. ರೋಗ ಬಂದ ಮೇಲೆ ಹಿಂದಿನ ಅಭ್ಯಾಸ ನೆನಪಿಸಿಕೊಂಡು ಹೇಳಿದ ಲೆಕ್ಕ ಅದು, ಚಹಾದ ಜೊತೆ ಬೀಡಿ ಸೇದುವವರೂ ಅದರಲ್ಲಿ ಇರುತ್ತಾರೆ. ಆದರೂ ನಮ್ಮ ಊರಿನ ಚಹಾ ಹೇಗೆ ತಯಾರಾಗುತ್ತದೆ ಎಂದು ನಿಂತು ನೋಡಿದರೆ ಅನುಮಾನಕ್ಕೆ ಸಾಕಷ್ಟು ಎಡೆ ಸಿಗುತ್ತದೆ. ಸ್ಟೇಷನ್ ಹೊರಗಿನ ಟಪರಿಯಲ್ಲಿ ನೀರು, ಹಾಲು, ಪುಡಿ, ಸಕ್ಕರೆ ಎಲ್ಲವೂ ಒಂದೇ ಪಾತ್ರೆಗೆ ಬೀಳುತ್ತವೆ. ಶುಂಠಿ ಜಜ್ಜಿ ಹಾಕುತ್ತಾರೆ. ಅದು ಉಕ್ಕಿ ಇಳಿದು, ಮತ್ತೆ ಉಕ್ಕಿ, ಬಣ್ಣ ಗಾಢವಾದ ಮೇಲೆ ಬಟ್ಟೆಯಲ್ಲಿ ಹಿಂಡಿ ಸೋಸಿ ಗ್ಲಾಸಿಗೆ ಸುರಿಯುತ್ತಾರೆ. ಸಕ್ಕರೆ ಮೊದಲೇ ಪಾತ್ರೆಗೆ ಬಿದ್ದಿರುವುದರಿಂದ ಕುಡಿಯುವವನಿಗೆ ಅದರ ಮೇಲೆ ಯಾವ ಹಿಡಿತವೂ ಇಲ್ಲ. ಅರ್ಧ ಗ್ಲಾಸಿನ ಕಟಿಂಗ್ ಆದ್ದರಿಂದ ‘ಅರ್ಧ ತಾನೇ’ ಎಂಬ ಸಮಾಧಾನ ಬೇರೆ. ಮನೆಯಲ್ಲಿ ಎರಡು ಚಮಚ ಸಕ್ಕರೆಯ ಚಹಾ ಬೆಳಿಗ್ಗೆ ಒಂದು, ಸಂಜೆ ಒಂದು ಕುಡಿದು, ನಡುವೆ ಮೂರು ಕಟಿಂಗ್ ಕುಡಿದವರ ಹೊಟ್ಟೆಗೆ ಚಹಾ ಒಂದರಿಂದಲೇ ಸುಮಾರು 35 ಗ್ರಾಂ ಸಕ್ಕರೆ ಹೋಗಿರುತ್ತದೆ. ಬೇರೆಯಾಗಿ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಉತ್ತಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಚಹಾದ ಜೊತೆಗೆ ಬರುವ ಖಾರಿ, ಬಟರ್, ಫರ್ಸಾಣಗಳ ಉಪ್ಪು ಮತ್ತು ಕೊಬ್ಬಿನ ಲೆಕ್ಕ ಬೇರೆಯೇ ಇದೆ.

ಇದರಲ್ಲಿ ನಮ್ಮವರದೇ ಒಂದು ಪೀಳಿಗೆಯ ಕತೆಯೂ ಇದೆ. ಉಡುಪಿ, ಕುಂದಾಪುರ, ಮಂಗಳೂರು ಕಡೆಯಿಂದ ಹುಡುಗರಾಗಿ ಬಂದು ಫೋರ್ಟ್, ಮಾಟುಂಗಾ, ದಾದರ್, ಘಾಟ್ಕೋಪರ್‌ಗಳ ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿದವರು ಇಂದು ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಬೆಳಗಿನ ಜಾವಕ್ಕೇ ಏಳುವ ಆ ದುಡಿಮೆಯಲ್ಲಿ ಹಸಿವಿಗೆ, ನಿದ್ದೆಗೆ, ಆಯಾಸಕ್ಕೆ ಎಲ್ಲಕ್ಕೂ ಮದ್ದು ಚಹಾವೇ ಆಗಿತ್ತು. ಕೇಳಬೇಕಾಗಿರಲಿಲ್ಲ, ಕೈಗೆ ಸಿಗುತ್ತಿತ್ತು. ದೇಹ ದಂಡಿಸುತ್ತಿದ್ದಾಗ ಆ ಸಕ್ಕರೆ ಕರಗುತ್ತಿತ್ತು. ದುಡಿಮೆ ನಿಂತ ಮೇಲೂ ಚಹಾದ ಸಂಖ್ಯೆ ಹಾಗೇ ಉಳಿಯಿತು. ಇವರಿಗೆ ಚಹಾ ಬಿಡಿ ಎಂದು ಹೇಳುವುದು ಕ್ರೌರ್ಯ ಎಂದೇ ನನ್ನ ಅಭಿಪ್ರಾಯ, ಅದರ ಅಗತ್ಯವೂ ಇಲ್ಲ. ಹಾಲಿಲ್ಲದ ಕಣ್ಣು ಚಾ ಊರಲ್ಲಿ ಅಜ್ಜಿಯಂದಿರ ಕಾಲದಿಂದ ಇತ್ತು. ಹಾಲು ದುರ್ಲಭವಾಗಿದ್ದ ಕಾಲದ ಬಡವರ ಚಹಾ ಅದು. ಸಕ್ಕರೆಯನ್ನು ಅರ್ಧ ಚಮಚಕ್ಕೆ ಇಳಿಸಿ, ದಿನಕ್ಕೆ ಎರಡು ಮೂರು ಲೋಟದ ಕಣ್ಣು ಚಾಕ್ಕೆ ಮರಳಿದರೆ ವೈದ್ಯಲೋಕದ ಯಾವ ಆಕ್ಷೇಪವೂ ಬರಲಾರದು. ಹಾಲು ಬೇಕೇ ಬೇಕೆನ್ನುವವರು ಸಕ್ಕರೆಯನ್ನಾದರೂ ಕಳೆಯಲಿ. ಹಾಲಿನ ಬಗ್ಗೆ ಅಧ್ಯಯನಗಳು ಇನ್ನೂ ಒಂದೇ ದನಿಯಲ್ಲಿ ಮಾತಾಡುತ್ತಿಲ್ಲ, ಸಕ್ಕರೆಯ ಬಗ್ಗೆ ಅಂಥ ಗೊಂದಲವಿಲ್ಲ.

ಕಾಫಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಇಂಟರ್‌ಸ್ಟ್ರೋಕ್ ಅಧ್ಯಯನದಲ್ಲಿ ದಿನಕ್ಕೆ ನಾಲ್ಕು ಕಪ್ಪಿಗಿಂತ ಹೆಚ್ಚು ಕುಡಿಯುವವರಲ್ಲಿ ಅಪಾಯ ಶೇ. 37ರಷ್ಟು ಹೆಚ್ಚು ಕಂಡಿತು. ಅದಕ್ಕಿಂತ ಕಡಿಮೆ ಕುಡಿಯುವವರಲ್ಲಿ ಹಾಗೇನೂ ಕಾಣಲಿಲ್ಲ. ಮಾಟುಂಗಾದ ಫಿಲ್ಟರ್ ಕಾಫಿಯ ಸಣ್ಣ ಲೋಟ ದಿನಕ್ಕೆ ಒಂದೆರಡು ಸಲ ಆದರೆ ಯಾರೂ ಹೆದರಬೇಕಿಲ್ಲ. ಆದರೆ ಬಿಪಿ 160ರ ಮೇಲೆಯೇ ಇರುವವರು ಕಾಫಿಯನ್ನು ಇನ್ನೂ ಕಡಿಮೆ ಮಾಡುವುದು ಕ್ಷೇಮ. ಜಪಾನಿನಲ್ಲಿ ದೀರ್ಘಕಾಲ ನಡೆದ ಅಧ್ಯಯನವೊಂದು ಅಂಥವರಲ್ಲಿ ದಿನಕ್ಕೆ ಎರಡು ಕಪ್ಪು ಮತ್ತು ಅದಕ್ಕೂ ಹೆಚ್ಚು ಕಾಫಿ ಕುಡಿಯುವವರ ನಡುವೆ ಹೃದಯ ಮತ್ತು ರಕ್ತನಾಳದ ರೋಗಗಳಿಂದ ಸಾವು ಹೆಚ್ಚಿರುವುದನ್ನು ತೋರಿಸಿದೆ. ಗ್ರೀನ್ ಟೀಯಲ್ಲಿ ಹಾಗೆ ಕಾಣಲಿಲ್ಲ.

ನನಗೆ ಚಹಾ ಕಾಫಿಗಿಂತ ಹೆಚ್ಚು ಆತಂಕ ಹುಟ್ಟಿಸುವುದು ಪ್ರೀತಿಯಿಂದ ತಂದುಕೊಡುವ ಡಬ್ಬಿ. ಹುಷಾರಿಲ್ಲದ ಹಿರಿಯರನ್ನು ನೋಡಲು ಹೋಗುವವರು ಹಿಂದೆ ಮೋಸಂಬಿ, ಎಳನೀರು ಒಯ್ಯುತ್ತಿದ್ದರು. ಈಗ ಲೀಟರ್ ಪೊಟ್ಟಣದ ಹಣ್ಣಿನ ರಸ, ಮಾಲ್ಟ್ ಪುಡಿಯ ಡಬ್ಬಿ, ‘ಎನರ್ಜಿ’ಯ ಬಾಟಲಿ. ಶಕ್ತಿ ಬರಲಿ ಎಂಬ ಸದಾಶಯ. ಇಂಟರ್‌ಸ್ಟ್ರೋಕ್ ಲೆಕ್ಕದಲ್ಲಿ ಹಣ್ಣಿನ ರಸ ಮತ್ತು ಹಣ್ಣಿನ ಪಾನೀಯ ಕುಡಿಯುವವರಲ್ಲಿ ಮೆದುಳಿನ ರಕ್ತಸ್ರಾವದ ಅಪಾಯ ಶೇ. 37ರಷ್ಟು ಹೆಚ್ಚಿತ್ತು. ದಿನಕ್ಕೆ ಎರಡು ಸಲ ಕುಡಿಯುವವರಲ್ಲಿ ಅದು ಮೂರು ಪಟ್ಟು. ಗ್ಯಾಸ್ ತುಂಬಿದ ತಂಪು ಪಾನೀಯಗಳು, ಸಕ್ಕರೆಯವಾಗಲಿ ‘ಡಯೆಟ್’ ಆಗಲಿ, ಶೇ. 22ರಷ್ಟು ಹೆಚ್ಚು ಅಪಾಯದ ಜೊತೆ ಕಂಡವು. ಡಯೆಟ್ ಪಾನೀಯದ ಬಗ್ಗೆ ಅಮೆರಿಕದಲ್ಲಿ ಮುಟ್ಟು ನಿಂತ ಎಂಬತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ದಿಕ್ಕನ್ನು ತೋರಿಸಿತು. ಸಕ್ಕರೆ ಕಾಯಿಲೆ ಇದೆ ಎಂದೇ ಡಯೆಟ್ ಪಾನೀಯಕ್ಕೆ ಹೊರಳಿದವರು ಅದರಲ್ಲಿ ಹೆಚ್ಚಿರಬಹುದು, ಹಾಗಾಗಿ ಬಾಟಲಿಯೇ ಕಾರಣ ಎಂದು ತೀರ್ಪು ಕೊಡಲಾಗದು. ಆದರೆ ‘ಸಕ್ಕರೆ ಇಲ್ಲ, ಆದ್ದರಿಂದ ನಿರಪಾಯ’ ಎಂಬ ಭರವಸೆಗೂ ಆಧಾರ ಉಳಿದಿಲ್ಲ.

ಇಡೀ ಮೋಸಂಬಿಗೂ ಅದರ ರಸಕ್ಕೂ ಇರುವ ವ್ಯತ್ಯಾಸ ಸರಳವಾದದ್ದು. ಹಣ್ಣು ತಿಂದರೆ ನಾರು ಒಳಗೆ ಹೋಗುತ್ತದೆ, ಒಂದಕ್ಕೆ ಹೊಟ್ಟೆ ತೃಪ್ತಿಪಡುತ್ತದೆ. ಒಂದು ಲೋಟ ರಸಕ್ಕೆ ಮೂರು ಹಣ್ಣು ಬೇಕು, ನಾರು ಜರಡಿಯಲ್ಲಿ ಉಳಿಯುತ್ತದೆ, ಸಕ್ಕರೆ ಮಾತ್ರ ರಕ್ತಕ್ಕೆ ಓಡುತ್ತದೆ. ಪೊಟ್ಟಣದಲ್ಲಾದರೆ ಅದರ ಮೇಲೆ ಸೇರಿಸಿದ ಸಕ್ಕರೆಯೂ ಇರಬಹುದು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ಜೂನ್‌ನಲ್ಲಿ ‘ನೂರಕ್ಕೆ ನೂರು ಹಣ್ಣಿನ ರಸ’ ಎಂಬ ಬರಹವನ್ನು ಪೊಟ್ಟಣಗಳಿಂದ ತೆಗೆಯಬೇಕೆಂದು ಆದೇಶಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಆನ್‌ಲೈನ್ ಅಂಗಡಿಗಳಿಗೆ ಮಾಲ್ಟ್ ಪುಡಿಯಂಥವನ್ನು ‘ಹೆಲ್ತ್ ಡ್ರಿಂಕ್’ ಎಂಬ ವಿಭಾಗದಲ್ಲಿ ಇಡಬೇಡಿ ಎಂದಿತು. 2025ರ ಅಕ್ಟೋಬರ್‌ನಲ್ಲಿ, ನಿಗದಿತ ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳ ಮೇಲೆ ‘ಓಆರ್‌ಎಸ್’ ಎಂಬ ಹೆಸರು ಇರಕೂಡದು ಎಂಬ ಆದೇಶವೂ ಬಂತು. ನಿಜವಾದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಸಿಹಿ ಪಾನೀಯದ ಒಂದು ಸಣ್ಣ ಪೊಟ್ಟಣದಲ್ಲೇ ಅಷ್ಟು ಸಕ್ಕರೆ ಇರಬಲ್ಲದು. ಭೇದಿ ಆದ ಅಜ್ಜನಿಗೆ ಮೆಡಿಕಲ್ ಅಂಗಡಿಯಿಂದ ಏನು ತರುತ್ತಿದ್ದೇವೆ ಎಂದು ಲೇಬಲ್ ಓದಿಯೇ ತರಬೇಕು.

ನಮ್ಮದೇ ಪಾನೀಯಗಳು ಎಲ್ಲವೂ ಒಳ್ಳೆಯವು ಎಂಬ ಅಭಿಮಾನಕ್ಕೂ ಒಂದಿಷ್ಟು ತಿದ್ದುಪಡಿ ಬೇಕು. ಮಜ್ಜಿಗೆ ಒಳ್ಳೆಯದೇ, ಆದರೆ ಬಿಪಿ ಇರುವವರ ಮಜ್ಜಿಗೆಗೆ ಉಪ್ಪು ಏಕೆ ಬೇಕು? ಕೊತ್ತಂಬರಿ, ಶುಂಠಿ, ಕರಿಬೇವು ಸಾಲದೇ? ನಿಂಬೆ ಸೋಡಾಕ್ಕೆ ಹಾಕುವ ಕಪ್ಪು ಉಪ್ಪೂ ಉಪ್ಪೇ. ಪುನರ್ಪುಳಿ ಶರಬತ್ತು ಊರಿನದೇ ಆದರೂ ಬಾಟಲಿಯ ಸಿರಪ್ಪಿನಲ್ಲಿ ಅರ್ಧಕ್ಕರ್ಧ ಸಕ್ಕರೆ. ಒಣ ಸಿಪ್ಪೆ ನೆನೆಸಿ ಮಾಡಿದರೆ ಆ ತೊಂದರೆ ಇಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಆರೋಗ್ಯವಂತರಿಗೆ ಅದು ಹಿತ, ಆದರೆ ಮೂತ್ರಪಿಂಡ ದುರ್ಬಲವಾಗಿರುವವರು ಮತ್ತು ಪೊಟ್ಯಾಸಿಯಂ ಉಳಿಸುವ ಕೆಲವು ಬಿಪಿ ಮಾತ್ರೆಗಳನ್ನು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ದಿನವೂ ಕುಡಿಯಬಾರದು. ಕೆಮ್ಮಿಗೆಂದು ತಿಂಗಳುಗಟ್ಟಲೆ ಕುಡಿಯುವ ಕಷಾಯದ ಪುಡಿಯಲ್ಲಿ ಅತಿಮಧುರ ಇದ್ದರೆ ಅದು ಬಿಪಿಯನ್ನು ಏರಿಸುತ್ತದೆ. ಇದು ಬಹಳ ಮನೆಗಳಲ್ಲಿ ಗೊತ್ತಿಲ್ಲದ ಸಂಗತಿ. ಮಾತ್ರೆ ತಪ್ಪದೆ ನುಂಗಿದರೂ ಬಿಪಿ ಇಳಿಯುತ್ತಿಲ್ಲ ಎಂದು ಕೊರಗುವವರು ಕಷಾಯದ ಡಬ್ಬಿಯನ್ನೊಮ್ಮೆ ಓದಿ ನೋಡಲಿ.

ಮದ್ಯದ ವಿಷಯದಲ್ಲಿ ಮಾತ್ರ ನಡುದಾರಿ ಹಿಡಿಯಲು ನನಗೆ ಮನಸ್ಸಿಲ್ಲ. ‘ಒಂದು ಪೆಗ್ ಹೃದಯಕ್ಕೆ ಒಳ್ಳೆಯದು’ ಎಂಬ ಮಾತನ್ನು ನಾವು ದಶಕಗಳ ಕಾಲ ಕೇಳಿದೆವು. ಚೀನಾದ ಐದು ಲಕ್ಷ ಜನರ ಅಧ್ಯಯನವೊಂದು ಹುಟ್ಟಿನಿಂದಲೇ ಮದ್ಯ ಸಹಿಸದ ದೇಹಗುಣವಿರುವವರನ್ನೂ ಉಳಿದವರನ್ನೂ ಹೋಲಿಸಿ, 2019ರಲ್ಲಿ ಪಾರ್ಶ್ವವಾಯುವಿನ ಮಟ್ಟಿಗೆ ಆ ಮಾತನ್ನು ತಳ್ಳಿಹಾಕಿತು: ಮದ್ಯ ಹೆಚ್ಚಿದಂತೆ ಬಿಪಿ ಹೆಚ್ಚುತ್ತದೆ, ಪಾರ್ಶ್ವವಾಯುವೂ ಹೆಚ್ಚುತ್ತದೆ, ಮಿತ ಕುಡಿತದಿಂದ ರಕ್ಷಣೆ ಏನೂ ಇಲ್ಲ. ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. 180 ಮಿಲಿಯ ಒಂದು ಕ್ವಾರ್ಟರ್ ಬಾಟಲಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಅರವತ್ತೈದು ದಾಟಿದ ರಕ್ತನಾಳ ಅದನ್ನು ಪ್ರತಿ ಸಂಜೆ ತಾಳಿಕೊಳ್ಳಲಾರದು. ಪರ್ಮಿಟ್ ರೂಮುಗಳ ವ್ಯವಹಾರದಲ್ಲಿ ನಮ್ಮ ಸಮಾಜದವರೂ ಬಹಳ ಮಂದಿ ಇದ್ದಾರೆ. ಅದರಿಂದ ಮಕ್ಕಳನ್ನು ಓದಿಸಿದ್ದಾರೆ, ಸಂಘಗಳಿಗೆ ದಾನ ಕೊಟ್ಟಿದ್ದಾರೆ. ಅವರ ದುಡಿಮೆಯನ್ನು ಹೀನವಾಗಿ ಕಾಣದೆಯೂ ಈ ಸತ್ಯ ಹೇಳಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಮುಂಬಯಿಯ ಹಿರಿಯರ ಮಟ್ಟಿಗೆ ಅತಿ ಮುಖ್ಯ ಪಾನೀಯದ ಮಾತು ಉಳಿದೇ ಇದೆ. ಅದು ನೀರು. ದಿನಕ್ಕೆ ಏಳು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವವರಲ್ಲಿ ರಕ್ತ ಹೆಪ್ಪುಗಟ್ಟಿ ಬರುವ ಪಾರ್ಶ್ವವಾಯು ಕಡಿಮೆ ಎಂದು ಇಂಟರ್‌ಸ್ಟ್ರೋಕ್ ಅಧ್ಯಯನ ಹೇಳುತ್ತದೆ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುತ್ತದೆ. ಈ ಊರಿನ ತೇವದ ಸೆಕೆಯಲ್ಲಿ ಬೆವರು ಆರುವುದೂ ಇಲ್ಲ, ನಿಲ್ಲುವುದೂ ಇಲ್ಲ. ನೀರು ಕಡಿಮೆಯಾದ ದೇಹದಲ್ಲಿ ರಕ್ತ ಮಂದವಾಗುತ್ತದೆ. ಹಾಗಿದ್ದರೆ ಹಿರಿಯರು ನೀರು ಏಕೆ ಕುಡಿಯುವುದಿಲ್ಲ?

ಡೊಂಬಿವಿಲಿಯಿಂದಲೋ ವಿರಾರಿನಿಂದಲೋ ಮಾಟುಂಗಾದ ಸಭೆಗೆ, ಕುರ್ಲಾದ ಮದುವೆಗೆ ಹೊರಡುವ ಹಿರಿಯ ಮಹಿಳೆಯೊಬ್ಬರನ್ನು ಕೇಳಿ ನೋಡಿ. ಹೊರಡುವುದಕ್ಕೆ ಎರಡು ಗಂಟೆ ಮುಂಚೆಯೇ ಅವರು ನೀರು ನಿಲ್ಲಿಸಿರುತ್ತಾರೆ. ಲೋಕಲ್ ಟ್ರೇನಿನಲ್ಲಿ ಶೌಚಾಲಯ ಇಲ್ಲ. ಸ್ಟೇಷನ್ನಿನಲ್ಲಿ ಇದ್ದರೂ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ, ಇಲ್ಲವೇ ಸೇತುವೆ ಹತ್ತಿ ಇಳಿದು ಇನ್ನೊಂದು ಬದಿಯಲ್ಲಿ. ಮೊಣಕಾಲು ನೋವಿರುವವರಿಗೆ ಅದು ಇದ್ದೂ ಇಲ್ಲದಂತೆ. ಒದ್ದೆ ನೆಲ, ಹಿಡಿದುಕೊಳ್ಳಲು ಆಧಾರವಿಲ್ಲದ ಗೋಡೆ. ಪ್ರಾಸ್ಟೇಟ್ ತೊಂದರೆಯ ಗಂಡಸರ ಪಾಡೂ ಇದೇ. ಇದಕ್ಕಿಂತ ಅಪಾಯಕಾರಿಯಾದ ಇನ್ನೊಂದು ರೂಢಿ ಇದೆ. ಬಿಪಿಗೆಂದು ಕೊಡುವ ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವ ಮಾತ್ರೆಯೂ ಒಂದು. ಪ್ರಯಾಣದ ದಿನ ಅದನ್ನು ತಪ್ಪಿಸುವವರು ಲೆಕ್ಕವಿಲ್ಲದಷ್ಟು ಮಂದಿ. ‘ಇವತ್ತು ಹೊರಗೆ ಹೋಗಲಿಕ್ಕಿದೆ, ನಾಳೆ ತಗೊಳ್ತೇನೆ’ ಎನ್ನುತ್ತಾರೆ. ನೀರೂ ಇಲ್ಲ, ಮಾತ್ರೆಯೂ ಇಲ್ಲ, ಸೆಕೆಯಲ್ಲಿ ನೂಕುನುಗ್ಗಲು, ಸಭೆಯಲ್ಲಿ ಸಿಹಿ ಚಹಾ, ಉಪ್ಪು ಉಪ್ಪು ಚಿವ್ಡಾ. ಒಂದೊಂದೂ ಚಿಕ್ಕದೇ, ಆದರೆ ಎಲ್ಲವೂ ಒಂದೇ ಮೈಮೇಲೆ ಬಂದು ಬೀಳುತ್ತವೆ.

ಆದ್ದರಿಂದಲೇ ‘ಹಿರಿಯರು ಸರಿಯಾದ ಪಾನೀಯ ಆರಿಸಿಕೊಳ್ಳಬೇಕು’ ಎಂಬ ಉಪದೇಶ ನನಗೆ ಅರ್ಧಸತ್ಯವಾಗಿ ಕಾಣುತ್ತದೆ. ಎಪ್ಪತ್ತೈದರ ಮನುಷ್ಯನ ಲೋಟವನ್ನು ತುಂಬುವವರು ಹೆಚ್ಚಾಗಿ ಬೇರೆಯವರು: ಮನೆಯಲ್ಲಿ ಸೊಸೆ ಅಥವಾ ಮಗ, ಸಭೆಯಲ್ಲಿ ಕೇಟರಿಂಗಿನವರು, ದಾರಿಯಲ್ಲಿ ಟಪರಿಯವರು, ನೆಂಟರಾಗಿ ಬರುವ ನಾವು. ಲೋಟ ಖಾಲಿಯೇ ಉಳಿಯುವುದಕ್ಕೆ ಕಾರಣ ಮಹಾನಗರಪಾಲಿಕೆ ಮತ್ತು ರೈಲ್ವೆ. ಮಹಿಳೆಯರಿಗೆ ಉಚಿತವಾದ, ಶುಚಿಯಾದ ಮೂತ್ರಾಲಯ ಬೇಕೆಂದು ಮುಂಬಯಿಯಲ್ಲಿ 2011ರಲ್ಲಿ ‘ರೈಟ್ ಟು ಪೀ’ ಚಳವಳಿ ಹುಟ್ಟಿತು. ಅದನ್ನು ನಾವು ಮಾನ ಮರ್ಯಾದೆಯ ಪ್ರಶ್ನೆಯಾಗಿ ಕಂಡೆವು. ಅದು ಮೆದುಳಿನ ಆರೋಗ್ಯದ ಪ್ರಶ್ನೆಯೂ ಹೌದು ಎಂದು ಈಗ ಹೇಳುವ ಕಾಲ ಬಂದಿದೆ. ಸ್ಟೇಷನ್ನಿಗೆ ಎಸ್ಕಲೇಟರ್ ಬೇಕೆಂದು ಮನವಿ ಕೊಡುವ ಪ್ರಯಾಣಿಕರ ಸಂಘಗಳು ಪ್ಲಾಟ್‌ಫಾರ್ಮಿನ ನಡುವೆ ಹಿಡಿಗಂಬಿ ಇರುವ ಶೌಚಾಲಯವನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು.

ಸರಕಾರ ಮಾಡುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. 1926ರಿಂದ ನಡೆದು ಬಂದ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ, ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್ ಮೊದಲಾದವುಗಳ ಸಭಾಂಗಣಗಳಲ್ಲಿ ವಾರ ವಾರ ಕಾರ್ಯಕ್ರಮ ನಡೆಯುತ್ತದೆ, ಎದುರಿನ ಕುರ್ಚಿಗಳಲ್ಲಿ ಕೂರುವವರು ಬಹುಪಾಲು ಹಿರಿಯರೇ. ಅಲ್ಲಿ ಚಹಾದ ಪಾತ್ರೆಗೆ ಸಕ್ಕರೆ ಹಾಕದೆ ಪಕ್ಕದಲ್ಲಿ ಇಟ್ಟರೆ ಸಾಕು, ಬೇಕಾದವರು ಬೇಕಾದಷ್ಟು ಹಾಕಿಕೊಳ್ಳುತ್ತಾರೆ. ತಂಪು ಪಾನೀಯದ ಬದಲು ಉಪ್ಪಿಲ್ಲದ ಮಜ್ಜಿಗೆ ಕೊಡಬಹುದು. ಉಡುಪಿ ಹೋಟೆಲಿನಲ್ಲಿ ಗಿರಾಕಿ ಕೂತ ಕೂಡಲೇ, ಏನು ಬೇಕೆಂದು ಕೇಳುವ ಮೊದಲೇ, ನೀರಿನ ಲೋಟ ತಂದಿಡುವ ಪದ್ಧತಿ ನಮ್ಮವರದೇ. ಸಭೆಗಳಲ್ಲೂ ಹಾಗೇ ಮಾಡೋಣ. ಬಿಪಿ ನೋಡಿಸಲು 2022ರಿಂದ ಪಾಲಿಕೆಯ ‘ಆಪ್ಲಾ ದವಾಖಾನಾ’ಗಳು ಇವೆ, ಖರ್ಚಿಲ್ಲ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ಮಾತ್ರ ತಮ್ಮ ವೈದ್ಯರ ಅಳತೆಯನ್ನೇ ಪಾಲಿಸಬೇಕು.

ಕೊನೆಯದಾಗಿ, ಕುಡಿಸಬಾರದ ಗಳಿಗೆಯೊಂದಿದೆ. ಮನೆಯ ಹಿರಿಯರ ಬಾಯಿ ಹಠಾತ್ತನೆ ಸೊಟ್ಟಗಾದರೆ, ಒಂದು ಕೈ ಎತ್ತಲು ಬಾರದಿದ್ದರೆ, ಮಾತು ತೊದಲಿದರೆ, ನಮ್ಮ ಮನೆಗಳಲ್ಲಿ ಮೊದಲು ಮಾಡುವ ಕೆಲಸ ಸಕ್ಕರೆ ನೀರನ್ನೋ ಬಿಸಿ ಚಹಾವನ್ನೋ ಬಾಯಿಗೆ ಹನಿಸುವುದು. ಪಾರ್ಶ್ವವಾಯುವಿನಲ್ಲಿ ನುಂಗುವ ಶಕ್ತಿಯೇ ಕುಂದಿರಬಹುದು, ಹನಿಸಿದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ನೀರು, ಚಹಾ, ಮಾತ್ರೆ, ಏನನ್ನೂ ಕೊಡಬೇಡಿ. ಲಕ್ಷಣ ಶುರುವಾದ ಹೊತ್ತನ್ನು ಗಡಿಯಾರ ನೋಡಿ ಬರೆದುಕೊಳ್ಳಿ, 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಒಯ್ಯಿರಿ. ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್‌ನ ನಾಯರ್, ಸಯನ್ ಆಸ್ಪತ್ರೆ, ಜುಹುವಿನ ಕೂಪರ್, ಯಾವುದು ಹತ್ತಿರವೋ ಅದು. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಇರುವ ಅವಧಿ ನಾಲ್ಕೂವರೆ ಗಂಟೆ.